ಇಪ್ಪತ್ತನೆಯ ಸ್ಥಾನದ ರೆಕಾರ್ಡು

ಇಂಗ್ಲೆಂಡಿನ ವಿಲೆನ್‌ಹಾಲ್ ಬೀಗದ ಊರು. ಆ ಊರಿನ ಒಂದೇ ಕಾರ್ಖಾನೆಯಲ್ಲಿ, ಒಂದೇ ತಪಾಸಣೆ ಮೇಜಿನ ಹಿಂದೆ ನಲವತ್ತೊಂದು ವರ್ಷ ಕೂತವನು ಮರ್ವಿನ್ ಟಾಂಕ್ಸ್. ಬೇರೆಯವರು ಮಾಡಿದ ಬೀಗಕ್ಕೆ ಕೀಲಿ ಹಾಕಬೇಕು, ತಿರುಗಿಸಬೇಕು, ಕಿವಿಯ ಹತ್ತಿರ ಹಿಡಿದು ಕೇಳಬೇಕು, ಸದ್ದು ಸರಿಯಿಲ್ಲದಿದ್ದರೆ ಕೆಂಪು ಬುಟ್ಟಿಗೆ ಎಸೆಯಬೇಕು. ಇಷ್ಟೇ ಕೆಲಸ. ಇಂಥ ಕೆಲಸ ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಲೋಕದಲ್ಲಿರುವುದೆಲ್ಲ ತಮ್ಮ ಮೇಜಿಗೇ ಪರೀಕ್ಷೆಗೆ ಬಂದಿದೆ ಎಂದುಕೊಳ್ಳುತ್ತಾರೆ. ಮರ್ವಿನ್ ಪಕ್ಕದ ಮನೆಯವರ ಗೇಟಿನ ಕೀಲನ್ನೂ ಬಿಡುತ್ತಿರಲಿಲ್ಲ, ಪಾದ್ರಿಗಳ ಪ್ರವಚನವನ್ನೂ ಬಿಡುತ್ತಿರಲಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದ. ತಾಯಿಯ ಜೊತೆ ಇದ್ದ. ತಾಯಿ ಹೋದ ಮೇಲೂ ಅದೇ ಮನೆಯಲ್ಲಿ, ಅವಳು ಹೊಲಿದ ಪರದೆಗಳ ಹಿಂದೆ, ಒಬ್ಬನೇ ಇದ್ದ.

ಅವನಿಗಿದ್ದ ಹುಚ್ಚು ಒಂದೇ. 'ಕಾಪರ್ ಹೆರನ್' ಎಂಬ ರಾಕ್ ಬ್ಯಾಂಡು. ಈ ಹೆಸರನ್ನು ನೀವು ಕೇಳಿಲ್ಲದಿದ್ದರೆ ಮರ್ವಿನ್‌ನ ಎದುರು ಹಾಗೆಂದು ಬಾಯಿಬಿಡದಿರುವುದು ಕ್ಷೇಮ. ನಾಲ್ಕು ಜನ: ಒಬ್ಬ ಹಾಡುವವನು, ಒಬ್ಬ ಗಿಟಾರಿನವನು, ಒಬ್ಬ ಡ್ರಮ್ಮಿನವನು, ಆರ್ಗನ್ ನುಡಿಸುವ ನೋಯೆಲ್ ಥ್ರಾಪ್. ಎಲ್ಲರೂ ಆ ಸೀಮೆಯ ಹುಡುಗರೇ. ಹದಿಮೂರು ವರ್ಷದಲ್ಲಿ ಹನ್ನೊಂದು ಆಲ್ಬಂ ಮಾಡಿ, ಕೋರ್ಟಿನಲ್ಲಿ ಕಿತ್ತಾಡಿ ಬೇರೆಯಾದರು. ನಡುವೆ ಕೆಲವು, ಆಮೇಲೆ ಕೆಲವು, ಒಬ್ಬೊಬ್ಬರೂ ತಮ್ಮ ಹೆಸರಲ್ಲೇ ಮಾಡಿದ ರೆಕಾರ್ಡುಗಳು ಒಂಬತ್ತು. ಒಟ್ಟು ಇಪ್ಪತ್ತು.

ಬ್ಯಾಂಡು ಒಡೆದ ಮರುವರ್ಷ, ಸಾವಿರದ ಒಂಬೈನೂರ ಎಂಬತ್ತನಾಲ್ಕರ ನವೆಂಬರಿನ ಕೊನೆಯ ಭಾನುವಾರ, ಬ್ಲೂ ಬೋರ್ ಎಂಬ ಪಬ್ಬಿನ ಕಿಟಕಿ ಪಕ್ಕದ ಮೇಜಿನಲ್ಲಿ ನಾಲ್ವರು ಗೆಳೆಯರು ಕೂತು, ಯಾವ ರೆಕಾರ್ಡು ಮೊದಲು, ಯಾವುದು ಕೊನೆ ಎಂದು ತೀರ್ಮಾನಿಸಲು ಹೊರಟರು. ಮರ್ವಿನ್, ಟಪಾಲಿನ ನಾರ್ಮನ್, ಪೇಂಟರ್ ಕ್ಲಿಫ್, ಮತ್ತು ಲೆನ್ ಫೆರಡೇ. ಲೆನ್ ಪಕ್ಕದ ಡಾರ್ಲಸ್ಟನ್ನಿನಲ್ಲಿ ಕಾದ ಕಬ್ಬಿಣ ಬಡಿಯುವ ದೈತ್ಯ ಸುತ್ತಿಗೆಯ ಪಕ್ಕದಲ್ಲಿ ದುಡಿಯುತ್ತಿದ್ದ. ದಪ್ಪ ಕತ್ತು, ಸಣ್ಣ ಮಾತು. ಆ ಮೊದಲ ವರ್ಷ ಪ್ರತಿಯೊಬ್ಬನೂ ತನ್ನ ಆಯ್ಕೆಗೆ ಕಾರಣ ಕೊಡಲು ಹೋಗಿ, ಮೊದಲ ರೆಕಾರ್ಡು ದಾಟುವ ಮುಂಚೆಯೇ ನಾರ್ಮನ್ ಕ್ಲಿಫ್‌ನ ಟೋಪಿಯೊಳಕ್ಕೆ ಬಿಯರ್ ಸುರಿದು, ಪಬ್ಬಿನವಳು ನಾಲ್ವರನ್ನೂ ಹೊರಗೆ ಹಾಕಿದಳು. ಫುಟ್‌ಪಾತಿನಲ್ಲಿ ನಿಂತು ಲೆನ್ ಹೇಳಿದ್ದು ಒಂದೇ ಮಾತು.

"ಇನ್ಮೇಲೆ ನಂಬರ್ ಮಾತ್ರ ಓದೋದು. ಯಾಕೆ ಅಂತ ಯಾರೂ ಹೇಳ್ಬಾರ್ದು, ಯಾರೂ ಕೇಳ್ಬಾರ್ದು."

ಅದೇ ನಿಯಮವಾಯಿತು. ವರ್ಷಕ್ಕೊಮ್ಮೆ, ಅದೇ ಭಾನುವಾರದ ಮಧ್ಯಾಹ್ನ, ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಹಿಂದೆ ಒಬ್ಬೊಬ್ಬನೂ ತನ್ನ ಪಟ್ಟಿ ಬರೆದು ತರುವುದು. ಕೆಳಗಿನಿಂದ ಮೇಲಕ್ಕೆ ಓದುವುದು. ಮರ್ವಿನ್ ಅಂಕಗಳನ್ನು ಕೂಡಿ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಆ ವರ್ಷದ ಪಟ್ಟಿ ಬರೆಯುವುದು. ಆಮೇಲೆ ಹುರಿದ ಹಂದಿ ಚರ್ಮ ಕಡಿಯುತ್ತ ಫುಟ್‌ಬಾಲ್ ಮಾತು. ಕಾರಣಕ್ಕೆ ಬಾಯಿಗೆ ಬೀಗ. ಯಾರೂ ಯಾರಿಗೂ ರೆಕಾರ್ಡು ಕಡ ಕೊಡುತ್ತಿರಲಿಲ್ಲ. ರೆಕಾರ್ಡು ಮತ್ತು ಹಲ್ಲುಜ್ಜುವ ಬ್ರಷ್ಷು ಕೈ ಬದಲಾಗಬಾರದು ಎನ್ನುವುದು ಲೆನ್‌ನ ಇನ್ನೊಂದು ಸಿದ್ಧಾಂತ.

ಈಗ 'ಕೆನಾಲ್ ಹೌಸ್' ವಿಚಾರ. ಎಪ್ಪತ್ತೊಂಬತ್ತರಲ್ಲಿ ಆರ್ಗನ್ನಿನ ಥ್ರಾಪ್ ಒಬ್ಬನೇ ಮಾಡಿದ ರೆಕಾರ್ಡು ಅದು. ಒಂದನೇ ಬದಿಯಲ್ಲಿ ಐದು ಸಾಧಾರಣ ಹಾಡು. ಎರಡನೇ ಬದಿಯಲ್ಲಿ ಹಾಡಿಲ್ಲ, ಹತ್ತೊಂಬತ್ತು ನಿಮಿಷದ ಒಂದೇ ಆರ್ಗನ್ ವಾದನ. ಬಂದ ವಾರವೇ ಕೊಂಡುತಂದು ಮರ್ವಿನ್ ಎರಡು ಸಲ ಕೇಳಿದ, ಮೂರನೇ ಸಲ ಕೇಳಲಿಲ್ಲ. ಕಡಲತೀರದ ಡ್ಯಾನ್ಸ್ ಹಾಲ್‌ನಲ್ಲಿ ಅಜ್ಜ ಅಜ್ಜಿಯರು ಕೈಹಿಡಿದು ಕುಣಿಯಲು ನುಡಿಸುವಂಥ ಟ್ಯೂನು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಗುಡುಗಿನಂಥ ಆರ್ಗನ್ ನುಡಿಸಿದ ಮನುಷ್ಯ ಅಭಿಮಾನಿಗಳ ಮುಖಕ್ಕೆ ಉಗಿದಿದ್ದಾನೆ ಎಂದು ಅವನ ಮೈ ಉರಿಯಿತು. ಸಂಗೀತದ ವಾರಪತ್ರಿಕೆ ಅದೇ ಬದಿಯನ್ನು ಹೊಗಳಿ ಬರೆದಾಗ, ಬರೆದವನಿಗೆ ಯಾರೋ ಬಿಯರ್ ಕುಡಿಸಿದ್ದಾರೆ ಎಂದು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ. ಪಟ್ಟಿಯಲ್ಲಿ ಅದಕ್ಕೆ ಸದಾ ಕೊನೆಯ ಸ್ಥಾನ. ಹೊಸ ರೆಕಾರ್ಡು ಬಂದು ಪಟ್ಟಿ ಉದ್ದವಾದಂತೆ ಕೊನೆಯ ಸ್ಥಾನವೂ ಕೆಳಗಿಳಿಯಿತು, 'ಕೆನಾಲ್ ಹೌಸ್' ಅದರ ಜೊತೆಗೇ ಇಳಿಯಿತು.

ಲೆನ್ ಮಾತ್ರ ಪ್ರತಿ ವರ್ಷ ಅದನ್ನೇ ಒಂದನೇ ಸ್ಥಾನಕ್ಕೆ ಹಾಕುತ್ತಿದ್ದ.

ನಾರ್ಮನ್ ಒಂದು ಮಾರ್ಚಿನಲ್ಲಿ ಟಪಾಲು ಹಂಚುತ್ತಲೇ ಎದೆ ಹಿಡಿದುಕೊಂಡು ಹೋದ. ಕ್ಲಿಫ್ ಬಿಸಿಲು ಬೇಕೆಂದು ಸ್ಪೇನಿಗೆ ಹೋಗಿ ಅಲ್ಲಿಯವನೇ ಆದ. ಮೇಜಿನಲ್ಲಿ ಇಬ್ಬರೇ ಉಳಿದರು. ಒಬ್ಬನ ಒಂದು, ಇನ್ನೊಬ್ಬನ ಇಪ್ಪತ್ತು ಕೂಡಿ ಆ ರೆಕಾರ್ಡು ಪ್ರತಿ ವರ್ಷ ಪಟ್ಟಿಯ ನಟ್ಟನಡುವೆ ಬಂದು ಕೂರುತ್ತಿತ್ತು. ಇಬ್ಬರಿಗೂ ಸಮಾಧಾನವಿಲ್ಲ. ಆದರೂ ಇಬ್ಬರೂ ನಿಯಮ ಮೀರಲಿಲ್ಲ, ಮೂವತ್ತೊಂದು ವರ್ಷ.

ಮೂವತ್ತೆರಡನೇ ಸಲ ಮೀರಿದವನು ಮರ್ವಿನ್. ಆ ಅಕ್ಟೋಬರಿನಲ್ಲಿ ಅವನ ತಾಯಿಯನ್ನು ಮಣ್ಣು ಮಾಡಿದ್ದರು, ಮನಸ್ಸು ಹುಳಿಯಾಗಿತ್ತು. ಲೆನ್ ಎಂದಿನಂತೆ "ಒಂದು, ಕೆನಾಲ್ ಹೌಸ್" ಎಂದು ಓದಿ ಬಿಲ್ಲೆ ಕೆಳಗಿಟ್ಟ.

"ಆ ಸುತ್ತಿಗೆ ನಿನ್ನ ಕಿವೀನ ಪೂರ್ತಿ ತಿಂದ್ಹಾಕಿದೆ ಕಣೋ ಲೆನ್. ಕಿವಿ ನೆಟ್ಟಗಿರೋನು ಯಾವನೂ ಅದನ್ನ ಒಂದಕ್ಕೆ ಹಾಕಲ್ಲ."

ಲೆನ್ ಎದ್ದು ಕೋಟು ಹಾಕಿಕೊಂಡ. ಲೋಟದಲ್ಲಿ ಇನ್ನೂ ಅರ್ಧ ಬಿಯರ್ ಇತ್ತು. ಬಿಯರ್ ಉಳಿಸಿ ಎದ್ದುಹೋದ ಲೆನ್ ಫೆರಡೇಯನ್ನು ಆ ಪಬ್ಬು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕ್ಷಮೆ ಕೇಳುವುದು ಎಷ್ಟು ಸುಲಭದ ಕೆಲಸ! ಬಸ್ಸಿನಲ್ಲಿ ಹತ್ತು ನಿಮಿಷ, ಬಾಗಿಲಿಗೆ ಎರಡು ಬಡಿತ, ಒಂದು ಮಾತು. ಮರ್ವಿನ್ ಮಾಡಲಿಲ್ಲ. ಅವನೇ ಬರಲಿ ಎಂದು ಮೊದಲ ವರ್ಷ ಕಾದ. ಎರಡನೇ ವರ್ಷ ಈಗ ಹೋದರೆ ಚೆನ್ನಾಗಿರುವುದಿಲ್ಲ ಎನಿಸಿತು. ಮೂರನೇ ವರ್ಷಕ್ಕೆ ತೀರಾ ತಡವಾಗಿತ್ತು. ಪ್ರತಿ ನವೆಂಬರಿನ ಕೊನೆಯ ಭಾನುವಾರ ಮಾತ್ರ ನೋಟ್‌ಬುಕ್ಕು ಹಿಡಿದು ಬ್ಲೂ ಬೋರ್‌ಗೆ ಹೋಗಿ, ಎದುರಿನ ಕುರ್ಚಿಯ ಮುಂದೆ ಖಾಲಿ ಬಿಲ್ಲೆಯೊಂದನ್ನು ಇಟ್ಟು, ಎರಡು ಗಂಟೆ ಕೂತು ಬರುತ್ತಿದ್ದ. ಅವನ ಪಟ್ಟಿಯನ್ನು ಕೂಡಲು ಇನ್ನೊಂದು ಪಟ್ಟಿ ಇರಲಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆಯಲಿಲ್ಲ. ಎಂಟು ವರ್ಷದ ಎಂಟು ಹಾಳೆ, ಮೇಲೆ ಇಸವಿ, ಕೆಳಗೆ ಬಿಳಿ. ವಾರದಲ್ಲಿ ಅವನು ಮಾತಾಡುತ್ತಿದ್ದದ್ದು ಬೇಕರಿಯವಳೊಡನೆ, ಬಸ್ಸಿನ ಡ್ರೈವರನೊಡನೆ, ಅಷ್ಟೇ. ಒಂದು ಗುರುವಾರ ತನ್ನ ದನಿ ಕೇಳಿ ತಾನೇ ಬೆಚ್ಚಿದ್ದ. ಸೋಮವಾರದಿಂದ ಯಾರೊಡನೆಯೂ ಮಾತಾಡಿರಲಿಲ್ಲ.

ಒಂಬತ್ತನೇ ವರ್ಷ ಆ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಮರ್ವಿನ್ ಕೈಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟಿದ್ದ. ದಾರಿಯಲ್ಲಿ ಧರ್ಮಾರ್ಥ ಸಂಸ್ಥೆಯೊಂದರ ಹಳೇ ಸಾಮಾನಿನ ಅಂಗಡಿ. ಬಾಗಿಲ ಬಳಿ ಹೊಸದಾಗಿ ಬಂದ ರೆಕಾರ್ಡಿನ ಪೆಟ್ಟಿಗೆ ಇತ್ತು. ಕೈ ತಾನಾಗಿ ಹೋಯಿತು. ಮೊದಲನೆಯದು ಕಾಪರ್ ಹೆರನ್. ಎರಡನೆಯದೂ. ಮೂರನೆಯದೂ. ಪ್ರತಿಯೊಂದು ಹೊದಿಕೆಯ ಮೂಲೆಯಲ್ಲೂ ಹಸಿರು ಶಾಯಿಯಲ್ಲಿ ಎರಡು ಅಕ್ಷರ: ಎಲ್. ಎಫ್.

ಹೊಸ ರೆಕಾರ್ಡು ತಂದಾಗಲೆಲ್ಲ ಲೆನ್ ಪಬ್ಬಿನಲ್ಲೇ ಹಾಗೆ ಬರೆಯುತ್ತಿದ್ದ. "ಹೊದಿಕೆ ಹಾಳ್ಮಾಡ್ತೀಯಲ್ಲೋ" ಎಂದು ಮರ್ವಿನ್ ಬೈಯುತ್ತಿದ್ದ. ಇಪ್ಪತ್ತೂ ಅಲ್ಲಿದ್ದವು. ಲೆನ್ ಬದುಕಿದ್ದರೆ ಇವು ಇಲ್ಲಿರುವುದು ಸಾಧ್ಯವೇ ಇಲ್ಲ. ಮರ್ವಿನ್ ಗಲ್ಲಾದ ಕಡೆ ತಿರುಗಿದ.

"ಇದನ್ನ ಕೊಟ್ಟೋರು..." ಎಂದ ಅಂಗಡಿಯ ಹೆಂಗಸಿಗೆ. "ಅವರು ತೀರ್ಕೊಂಡ್ರಾ?"

"ನಂಗೇನ್ ಗೊತ್ತು ಮರಿ," ಎಂದಳು ಅವಳು. ಆ ಊರಲ್ಲಿ ಎಪ್ಪತ್ತು ದಾಟಿದವನೂ ಅಂಗಡಿಯವರಿಗೆ ಮರಿಯೇ. "ಮಗಳಂತೆ, ಕಾರಲ್ಲಿ ತಂದು ಇಳಿಸಿ ಹೋದ್ಳು. ಸಾಮಾನ್ಯವಾಗಿ ಹಂಗಾದ್ಮೇಲೇ ತರೋದು. ಯಾವುದಾದ್ರೂ ಬೇಕಾ?"

ಎಲ್ಲವೂ ಅವನ ಮನೆಯಲ್ಲಿದ್ದವು. ಆದರೂ 'ಕೆನಾಲ್ ಹೌಸ್' ಒಂದನ್ನು ತೆಗೆದುಕೊಂಡ. ಮಾರ್ಕೆಟ್ಟಿಗೆ ಹೋಗಲಿಲ್ಲ.

ಮನೆಗೆ ಬಂದು ಕೋಟು ಕೂಡ ತೆಗೆಯದೆ ರೆಕಾರ್ಡು ಹಾಕಿದ. ಒಂದನೇ ಬದಿ ಅದೇ ಐದು ಸಾಧಾರಣ ಹಾಡು. ತಿರುಗಿಸಿದ. ಗೆಳೆಯನಿಗಾಗಿ ಒಂದು ಸಲ ಆ ಕಡಲತೀರದ ಕುಣಿತವನ್ನು ಹಲ್ಲು ಕಚ್ಚಿಕೊಂಡು ಕೇಳುವುದು ಎಂದು ತೀರ್ಮಾನಿಸಿದ್ದ.

ಕುಣಿತ ಬರಲಿಲ್ಲ. ಮೊದಲು ಏನೂ ಬರಲಿಲ್ಲ. ಮೆಷಿನ್ನಿನ ಮೋಟಾರು ಗುಂಯ್‌ಗುಡುತ್ತಿದೆ ಎಂದುಕೊಂಡು ಬಗ್ಗಿ ಕಿವಿಯಿಟ್ಟ. ಮೋಟಾರಲ್ಲ, ಆರ್ಗನ್ನಿನ ತೀರಾ ಕೆಳಗಿನ ಸ್ವರ. ಅದೊಂದೇ ಸ್ವರ ಒಂದು ನಿಮಿಷ ನಿಂತಿತು. ಅದರ ಮೇಲೊಂದು ಬಂದು ಕೂತಿತು, ಅದರ ಮೇಲಿನ್ನೊಂದು. ಕಾಲುವೆಯಲ್ಲಿ ದೋಣಿ ಮೇಲೇರಲೆಂದು ಗೇಟು ಮುಚ್ಚಿ ನೀರು ತುಂಬಿಸುವಾಗ ಹೇಗೋ ಹಾಗೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಎಲ್ಲವೂ ಏರಿತು. ಹತ್ತೊಂಬತ್ತು ನಿಮಿಷ ಮರ್ವಿನ್ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಮುಗಿದ ಮೇಲೆ ಏಳಲು ಕುರ್ಚಿ ಹಿಡಿಯಬೇಕಾಯಿತು.

ತನ್ನ ಪ್ರತಿಯನ್ನು ತೆಗೆದು ಹಾಕಿದ. ಅಜ್ಜ ಅಜ್ಜಿಯರು ಕುಣಿಯಲು ಶುರುಮಾಡಿದರು. ಎರಡೂ ರೆಕಾರ್ಡಿನ ಮಧ್ಯಕ್ಕೆ ಅಂಟಿಸಿದ ಕಾಗದದ ಲೇಬಲ್ಲು ಒಂದೇ, ಅಕ್ಷರ ಒಂದೇ. ಬೀಗ ನೋಡುತ್ತಿದ್ದ ಹಳೇ ಭೂತಗನ್ನಡಿಯನ್ನು ಡ್ರಾಯರಿನಿಂದ ತೆಗೆದು, ಲೇಬಲ್ಲಿನ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಗೀರಿದ ಅಚ್ಚಿನ ನಂಬರು ನೋಡಿದ. ಎರಡನೇ ಬದಿಯ ನಂಬರು ಬೇರೆ ಬೇರೆ. ಅಚ್ಚೊತ್ತುವ ಕಾರ್ಖಾನೆಯಲ್ಲಿ ಯಾರೋ ಒಬ್ಬ ಯಾವುದೋ ಡ್ಯಾನ್ಸ್ ರೆಕಾರ್ಡಿನ ಅಚ್ಚನ್ನು ಇದರ ಬೆನ್ನಿಗೆ ಒತ್ತಿದ್ದ. ತಪಾಸಣೆಯವನ ಕಣ್ಣು ತಪ್ಪಿತ್ತು. ಬೇರೆಯವರ ತಪ್ಪು ಹುಡುಕಿಯೇ ಬದುಕಿದ ತಾನು ಕೆಂಪು ಬುಟ್ಟಿಗೆ ಹೋಗಬೇಕಾದ ಮಾಲನ್ನು ನಲವತ್ತೈದು ವರ್ಷ ಕಪಾಟಿನಲ್ಲಿ ಇಟ್ಟುಕೊಂಡು, ಅದನ್ನೇ ಆಧಾರ ಮಾಡಿಕೊಂಡು, ಇದ್ದೊಬ್ಬ ಗೆಳೆಯನ ಕಿವಿಯನ್ನು ಹೀಯಾಳಿಸಿದ್ದೆ ಎಂದು ಮರ್ವಿನ್‌ಗೆ ತಿಳಿಯಿತು. ಅವನು ಅತ್ತ. ತಾಯಿ ಹೋದಾಗ ಅತ್ತಿರಲಿಲ್ಲ.

ಲೆನ್‌ನ ಫೋನ್ ನಂಬರು ಇನ್ನೂ ಬಾಯಿಗಿತ್ತು. ಮಾಡಿದ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದ. ಹಾಗೇ.

ಭಾನುವಾರ ಬ್ಲೂ ಬೋರ್‌ಗೆ ಹೋದ. ಕೂರಲಿಲ್ಲ. ಎರಡು ಬಿಲ್ಲೆ ಎತ್ತಿಕೊಂಡು ಡಾರ್ಲಸ್ಟನ್ ಬಸ್ಸು ಹತ್ತಿದ. ಲೆನ್ ಇಲ್ಲದಿದ್ದರೆ ಮಗಳ ಕೈಯಲ್ಲಾದರೂ ಈ ವರ್ಷದ ಪಟ್ಟಿ ಕೊಟ್ಟು, ನಿಮ್ಮಪ್ಪ ಸರಿಯಿದ್ದ, ನಾನು ತಪ್ಪಿದ್ದೆ ಎಂದು ಹೇಳಿಬರಬೇಕು. ಅಷ್ಟು ಮಾಡದಿದ್ದರೆ ಆ ಮನೆಯಲ್ಲಿ, ಆ ಪರದೆಗಳ ಹಿಂದೆ, ಇನ್ನೊಂದು ವರ್ಷ ಕೂರಲು ಅವನಿಂದ ಸಾಧ್ಯವಿರಲಿಲ್ಲ. ಬಸ್ಸಿನಲ್ಲಿ ಮೊಣಕಾಲ ಮೇಲೆ ಬಿಲ್ಲೆಯಿಟ್ಟು ಬರೆದ. ಇಪ್ಪತ್ತನೇ ಸ್ಥಾನ ಮೊದಲ ಸಲ ಖಾಲಿಯಾಗಿತ್ತು. ಪಾಪದ ಡ್ರಮ್ಮಿನವನ ರೆಕಾರ್ಡೊಂದನ್ನು ಅಲ್ಲಿಗೆ ನೂಕಿದ. 'ಕೆನಾಲ್ ಹೌಸ್' ಎದುರು ಯಾವ ಅಂಕೆ ಹಾಕುವುದು ಎಂದು ಎರಡು ಸ್ಟಾಪು ಯೋಚಿಸಿ, ಒಂದು ಅಂಕೆ ಬರೆದ.

ಬಾಗಿಲು ತೆರೆದವಳು ಲೆನ್‌ನ ಮಗಳು ಡೀನಾ. ಕೈಯಲ್ಲಿ ಹಿಟ್ಟು, ಒಳಗಿನಿಂದ ಬೇಯುವ ಮಾಂಸದ ವಾಸನೆ.

"ಮರ್ವಿನ್ ಅಂಕಲ್ಲಾ? ದೇವರೇ! ಒಳಗ್ಬನ್ನಿ, ಚಳಿ ಬರುತ್ತೆ."

"ಅಪ್ಪ..."

"ಇದಾರೆ, ಹಿಂದಿನ ರೂಮಲ್ಲಿ. ಆದ್ರೆ ಅಂಕಲ್, ಅವರಿಗೆ ಕಿವಿ ಕೇಳ್ಸಲ್ಲ. ಒಂದು ಚೂರೂ ಇಲ್ಲ. ಕಳೆದ ವರ್ಷದಿಂದ ಪೂರ್ತಿ ಹೋಯ್ತು. ಕೂಗ್ಬೇಡಿ, ಸಿಟ್ಟು ಬರುತ್ತೆ. ಬರೆದು ತೋರಿಸ್ಬೇಕು. ರೆಕಾರ್ಡೆಲ್ಲ ತಗೊಂಡ್ಹೋಗು, ಕಣ್ಮುಂದೆ ಬೇಡ ಅಂದ್ರು. ಹೋದ ವಾರ ಅಂಗಡಿಗೆ ಕೊಟ್ಟೆ."

ಲೆನ್ ಬದುಕಿದ್ದಾನೆ ಎಂಬ ಸಂತೋಷ ಪೂರ್ತಿ ಏರುವ ಮುಂಚೆಯೇ ಇನ್ನೊಂದು ಸುದ್ದಿ ಅದರ ಕುತ್ತಿಗೆ ಹಿಡಿಯಿತು.

ಲೆನ್ ಕಿಟಕಿಯ ಪಕ್ಕ ಕೂತಿದ್ದ. ಕತ್ತು ತೆಳುವಾಗಿತ್ತು. ಬಾಗಿಲ ಕಡೆ ತಿರುಗಿ, ನೋಡಿ, ಮುಖದಲ್ಲಿ ಏನನ್ನೂ ತೋರಿಸದೆ, ಕಿವಿ ಕೇಳದವರ ಎತ್ತರದ ದನಿಯಲ್ಲಿ ಹೇಳಿದ:

"ಲೇಟಾಯ್ತಲ್ಲೋ ಟಾಂಕ್ಸ್."

ಮರ್ವಿನ್ ತುಟಿ ಅಲ್ಲಾಡಿಸಿದ. ಲೆನ್ ಪಕ್ಕದಲ್ಲಿದ್ದ ಬಿಳಿ ಹಲಗೆ, ಪೆನ್ನು, ಒರೆಸುವ ಬಟ್ಟೆಯನ್ನು ಅವನ ಕಡೆ ತಳ್ಳಿದ. ಮರ್ವಿನ್ ಬರೆದ: "ನನ್ನ ಕೆನಾಲ್ ಹೌಸ್ ತಪ್ಪು ಅಚ್ಚು. ಎರಡನೇ ಬದಿಲಿ ಬೇರೆ ಯಾರದೋ ಡ್ಯಾನ್ಸ್ ಆರ್ಗನ್ ಇದೆ. ಅದೇ ಥ್ರಾಪ್ ಅಂದ್ಕೊಂಡಿದ್ದೆ. ನಿನ್ನ ಪ್ರತಿ ಅಂಗಡೀಲಿ ಸಿಕ್ತು. ನಿನ್ನೆ ಕೇಳ್ದೆ."

ಲೆನ್ ಓದಿದ. ಮತ್ತೊಮ್ಮೆ ಓದಿದ. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದು ಮರ್ವಿನ್ ಹೆದರಿದ, ಆದರೆ ಅದು ನಗು. ಅಡುಗೆಮನೆಯಿಂದ ಡೀನಾ ಓಡಿ ಬರುವಷ್ಟು ದೊಡ್ಡ ನಗು.

"ತಪಾಸಣೆ ಮಾಡೋನಂತೆ! ಊರ ಬೀಗಕ್ಕೆಲ್ಲ ಕೊಂಕು ತೆಗಿಯೋನು! ಲೋ, ಒಂದೇ ಒಂದ್ಸಲ, 'ಆ ಡ್ಯಾನ್ಸ್ ಟ್ಯೂನು ಅದೆಂಗೋ ಇಷ್ಟ ನಿಂಗೆ' ಅಂತ ಕೇಳಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲೋ!"

"ನಿಯಮ ನಿಂದು," ಎಂದು ಮರ್ವಿನ್ ಬರೆದ.

ಲೆನ್ ನಗು ನಿಲ್ಲಿಸಿದ. "ಹೌದು, ನಂದೇ. ದರಿದ್ರ ನಿಯಮ."

ಮರ್ವಿನ್ ಹಲಗೆ ಒರೆಸಿ, ಒಂಬತ್ತು ವರ್ಷದಿಂದ ಬಾಕಿ ಉಳಿದಿದ್ದ ಮಾತನ್ನು ಬರೆದ: "ಕಿವಿ ಬಗ್ಗೆ ಅಂದಿದ್ದು ತಪ್ಪಾಯ್ತು."

"ಆವಾಗ್ಲೇ ಎಡಗಿವಿ ಹೋಗಿತ್ತು," ಎಂದ ಲೆನ್. ಕಿಟಕಿಯ ಕಡೆ ನೋಡುತ್ತ ಹೇಳಿದ, ಆದರೆ ದನಿ ಇಳಿಸುವುದು ಅವನಿಂದಾಗಲಿಲ್ಲ. "ಯಾರಿಗೂ ಹೇಳಿರ್ಲಿಲ್ಲ, ಇವಳಿಗೂ ಹೇಳಿರ್ಲಿಲ್ಲ. ನಿಂಗೆ ಹೆಂಗೋ ಗೊತ್ತಾಗಿದೆ, ಅದನ್ನೇ ಎತ್ತಿ ಆಡ್ದೆ ಅಂದ್ಕೊಂಡೆ. ಆಮೇಲೆ ಬಲಗಿವೀನೂ ಮಂದ ಆಯ್ತು. ಎರಡು ವರ್ಷ ಬಸ್ ಸ್ಟಾಪ್ ತನಕ ಬಂದಿದ್ದೆ ಕಣೋ. ನೀನು ನಂಬರ್ ಓದಿದ್ರೆ ಕೇಳ್ಸಲ್ವಲ್ಲ, ಎಲ್ಲದಕ್ಕೂ ಸುಮ್ನೆ ತಲೆ ಆಡಿಸ್ಬೇಕಲ್ಲ ಅಂತ ವಾಪಸ್ ಬಂದೆ."

ಡೀನಾ ಎರಡು ಲೋಟ ಚಹಾ ಇಟ್ಟು ಹೋದಳು. ಈಗ ಆ ಸಂಗೀತ ತನ್ನೊಬ್ಬನ ಕಿವಿಯಲ್ಲಷ್ಟೇ ಇದೆ, ಅದನ್ನು ಪ್ರೀತಿಸಿದವನಿಗೆ ಇಲ್ಲ. ಮರ್ವಿನ್‌ಗೆ ಅದು ಕಳ್ಳತನದಂತೆ ಅನಿಸಿತು.

ಲೆನ್ ಕೈ ಚಾಚಿದ. "ಬಿಲ್ಲೆ ಕೊಡು ಮತ್ತೆ. ಭಾನುವಾರ ಅಲ್ವಾ."

ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದುತ್ತ ಹೋದ. ಇಪ್ಪತ್ತು, ಡ್ರಮ್ಮಿನವನು. ಹೂಂ ಎಂದ. ಹತ್ತು ದಾಟಿದ, ಐದು ದಾಟಿದ, ಬೆರಳು ನಿಂತಿತು.

"ನಾಲ್ಕಾ?"

ಮರ್ವಿನ್ ಹೌದೆಂದು ತಲೆಯಾಡಿಸಿದ. ಒಂದು ಎಂದು ಬರೆದಿದ್ದರೆ ಲೆನ್‌ಗೆ ಖುಷಿಯಾಗುತ್ತಿತ್ತು. ಆದರೆ ಈ ಪಟ್ಟಿಯಲ್ಲಿ ಅವನು ಯಾವತ್ತೂ ಸುಳ್ಳು ಬರೆದಿರಲಿಲ್ಲ. ಬರೆದಿದ್ದರೆ ಲೆನ್‌ಗೆ ಅದು ಒಂದೇ ನೋಟಕ್ಕೆ ತಿಳಿಯುತ್ತಿತ್ತು.

"ನಾಲ್ಕು!" ಎಂದ ಲೆನ್. ಬಿಲ್ಲೆಯನ್ನು ಚಹಾದ ಪಕ್ಕ ಇಟ್ಟ. ಗೆಳೆಯನ ಮುಖವನ್ನು ನೇರವಾಗಿ ನೋಡಿದ. "ಯಾಕೆ?"

ನಿಯಮ ಬಂದಾಗಿನಿಂದ ಆ ಮೇಜಿನವರು ಯಾರೂ ಇನ್ನೊಬ್ಬನನ್ನು ಆ ಮಾತು ಕೇಳಿರಲಿಲ್ಲ. ಮರ್ವಿನ್ ಪೆನ್ನು ಎತ್ತಿ, "ನಿಯಮ?" ಎಂದು ಬರೆದ.

"ಆ ನಿಯಮ ಕಿವಿ ಇದ್ದೋರಿಗೆ ಕಣೋ. ಹೇಳು."

ಮರ್ವಿನ್ ಬರೆದ: "ಹನ್ನೆರಡನೇ ನಿಮಿಷದ ಹತ್ರ ಅವನು ಕೂತಿರೋ ಸ್ಟೂಲು ಕಿರ್ ಅನ್ನುತ್ತೆ. ತೆಗೀಬೇಕಿತ್ತು."

"ಸ್ಟೂಲು!" ಲೆನ್ ತೊಡೆ ತಟ್ಟಿದ, ಚಹಾ ಚೆಲ್ಲಿತು. "ಹೌದಲ್ವೋ, ಸ್ಟೂಲು! ಮರ್ತೇ ಹೋಗಿತ್ತು! ಅಲ್ಲಿಂದ ಮುಂದೆ ಏನಾಗುತ್ತೆ? ಬೇಡ, ತಡಿ, ಮೊದಲಿಂದ ಹೇಳು. ಶುರೂನಲ್ಲಿ ಕೆಳಗಿಂದು ಒಂದು ಸ್ವರ ಬರುತ್ತಲ್ಲ, ಅಲ್ಲಿಂದ. ನಂಗೆ ಅಲ್ಲಿ ತನಕ ನೆನಪಿದೆ, ಮುಂದಕ್ಕೆ ಎಲ್ಲಾ ಕಲಸಿಹೋಗಿದೆ."

ಮರ್ವಿನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಕೇಳಿದ್ದು ಒಂದೇ ಸಲ, ಅದೂ ನಿನ್ನೆ. ನೆನಪಿದ್ದಷ್ಟನ್ನು ಬರೆಯತೊಡಗಿದ: ಮೋಟಾರು ಅಂದುಕೊಂಡದ್ದು, ಅದರ ಮೇಲೆ ಎರಡನೆಯದು ಬಂದು ಕೂತದ್ದು, ನೀರು ಏರಿದಂತೆ ಏರಿದ್ದು. ಹಲಗೆ ಸಣ್ಣದು. ನಾಲ್ಕು ಸಾಲಿಗೆ ತುಂಬಿಹೋಯಿತು. ಮುಂದಿನದನ್ನು ಬರೆಯಲು ಅವನು ಬಟ್ಟೆ ಎತ್ತಿಕೊಂಡ. ಲೆನ್ ಕಣ್ಣು ಮುಚ್ಚಿ ಕೂತಿದ್ದವನು, ನೋಡದೆಯೇ ಅವನ ಮಣಿಕಟ್ಟು ಹಿಡಿದ.

"ಅಳಿಸ್ಬೇಡ ಕಣೋ. ಇನ್ನೂ ಕೇಳ್ತಾ ಇದೀನಿ."